ಕಿಟಕಿಯ ಫ್ಯಾನೂ ಎರಡನೆಯ ಕಿಟಕಿಯೂ

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ ನೆಲಸಿ, ಹವೆಯ ಹಿತಕ್ಕಾಗಿ ದೂರದೇಶದವರಿಂದಲೂ ಹೊಗಳಿಸಿಕೊಂಡು, ನಿವೃತ್ತರಾದವರು ಬಂದು ಮನೆ ಕಟ್ಟಿಕೊಳ್ಳತಕ್ಕ ಊರೆಂಬ ಹೆಸರನ್ನು ಬಹುಕಾಲ ಉಳಿಸಿಕೊಂಡಿದ್ದ ಬೆಂಗಳೂರು, ಇಂದು ಏಪ್ರಿಲ್ ಕಾಲಿಟ್ಟಿತೆಂದರೆ ಎ.ಸಿ.ಯ ಕಂತಿನ ಲೆಕ್ಕ ಹಾಕುವ ಊರಾಗಿದೆ. 2016ರ ಏಪ್ರಿಲಿನಲ್ಲಿ ನಗರದ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಹಿಂದಿನ ದಾಖಲೆಗಳನ್ನು ಮೀರಿತು. 2024ರ ಏಪ್ರಿಲಿನ ಕೊನೆಯಲ್ಲಿ 38.5 ಡಿಗ್ರಿಯನ್ನು ಮುಟ್ಟಿತು. ಇಂಥ ಅಂಕಿಗಳನ್ನು ಓದಿದವನು ಯಂತ್ರವನ್ನು ಮೊದಲು ಕೊಂಡು ವಿಚಾರವನ್ನು ಆಮೇಲೆ ಮಾಡುವುದು ಸಹಜವೇ. ಆ ಕ್ರಮವನ್ನು ತಿರುಗಿಸಿ ನೋಡೋಣವೆಂಬುದು ಈ ಲೇಖನದ ಉದ್ದೇಶ. ಒಂದು ಕಿಟಕಿಗೆ ಕೂರಿಸಿದ ಸಾಮಾನ್ಯವಾದ ಫ್ಯಾನು, ಅದಕ್ಕೆ ಪ್ರತಿಯಾಗಿ ತೆರೆದ ಇನ್ನೊಂದು ಕಿಟಕಿ, ಇವೆರಡು ಸರಿಯಾದ ಹೊತ್ತಿನಲ್ಲಿ ಕೂಡಿದರೆ ಈ ಊರಿನ ಬಹುಪಾಲು ಮನೆಗಳಿಗೆ ಬಹುಪಾಲು ರಾತ್ರಿಗಳಲ್ಲಿ ಸಾಕಾಗುವಷ್ಟು ತಂಪು ದೊರೆಯುತ್ತದೆಂದೂ, ಆದರೆ ಆ ಎರಡನೆಯ ಕಿಟಕಿ ಮನೆಯ ಯಜಮಾನನೊಬ್ಬನ ಕೈಯಲ್ಲಿರುವ ವಸ್ತುವಲ್ಲವೆಂದೂ ನಾನು ತೋರಿಸಬಯಸುತ್ತೇನೆ.

ವಿಚಾರಕ್ಕೆ ಒಂದು ನೆಲೆ ಬೇಕಾದುದರಿಂದ, ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆಗಳನ್ನು ದಾಟಿದ ಮೇಲೆ ಸಿಗುವ ಬ್ಯಾಡರಹಳ್ಳಿಯನ್ನು ತೆಗೆದುಕೊಳ್ಳೋಣ. ಹೊಲ ತೋಟಗಳ ನಡುವಿನ ಹಳ್ಳಿಯಾಗಿದ್ದ ಈ ಪ್ರದೇಶ ಇಂದು ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತರ ಸೈಟುಗಳ ಹರವಾಗಿದೆ. ಒಂದು ಸೈಟಿನ ಗೋಡೆಗೂ ಪಕ್ಕದ ಸೈಟಿನ ಗೋಡೆಗೂ ನಡುವೆ ಕೈ ತೂರುವಷ್ಟೂ ಸಂದಿಲ್ಲದಂತೆ ಮನೆಗಳು ಎದ್ದಿವೆ. ಕೆಳಗೆ ಅಂಗಡಿ, ಅದರ ಮೇಲೆ ಮಾಲೀಕನ ಸಂಸಾರ, ಅದರ ಮೇಲೆ ಬಾಡಿಗೆಯವರು, ಎಲ್ಲಕ್ಕೂ ಮೇಲೆ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಒಂದು ಶೀಟಿನ ಮನೆ. ಪೀಣ್ಯದ ಕಾರ್ಖಾನೆಗಳಿಗೂ ಸುತ್ತಲಿನ ಗಾರ್ಮೆಂಟ್ಸ್‌ಗಳಿಗೂ ದುಡಿಯಹೋಗುವ ಕುಟುಂಬಗಳು ಬಹುಮಟ್ಟಿಗೆ ವಾಸಿಸುವುದು ಈ ಮೇಲಿನ ಅಂತಸ್ತುಗಳಲ್ಲಿಯೇ. ಬೀದಿಯ ಕಡೆಗೆ ಒಂದು ಕಿಟಕಿ, ಮೆಟ್ಟಿಲಿನ ಕಡೆಗೆ ಒಂದು ಬಾಗಿಲು, ಬಚ್ಚಲಿಗೊಂದು ಚಿಕ್ಕ ವೆಂಟಿಲೇಟರು: ಅಲ್ಲಿಗೆ ಮನೆಯ ಉಸಿರಾಟದ ವ್ಯವಸ್ಥೆ ಮುಗಿಯಿತು. ನಗರದ ಸೆಕೆಯನ್ನು ಕುರಿತು ಏನನ್ನು ಹೇಳುವುದಾದರೂ ಅದು ಈ ಮನೆಗಳಿಗೆ ಸಲ್ಲುವಂತಿರಬೇಕು. ಮರದ ನೆರಳಿನ ಬಂಗಲೆಗೆ ಮಾತ್ರ ಸಲ್ಲುವ ಉಪದೇಶ ಉಪದೇಶವಲ್ಲ.

ಇಂಥ ಮನೆಯಲ್ಲಿ ಸೆಕೆ ಎಲ್ಲಿರುತ್ತದೆ? ಗಾಳಿಯಲ್ಲಿರುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಮೋಲ್ಡಿನಲ್ಲಿಯೂ ಗೋಡೆಗಳಲ್ಲಿಯೂ ಇರುತ್ತದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯೊಂದರಲ್ಲಿ ಹಿಡಿಯುವ ಗಾಳಿಯ ತೂಕ ನಲವತ್ತು ಕಿಲೋಗ್ರಾಮಿಗಿಂತ ಕಡಿಮೆ. ಅದರ ಮೇಲೆ ಹಾಸಿದ ಐದಿಂಚು ದಪ್ಪದ ಕಾಂಕ್ರೀಟಿನ ತೂಕವಾದರೋ ಮೂರು ಟನ್ನಿಗೂ ಮಿಗಿಲು. ಆ ಗಾಳಿಯನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಬೇಕಾದ ಶಾಖದ ಎಂಬತ್ತು ಪಟ್ಟು ಶಾಖವನ್ನು ಹೀರಿಕೊಂಡಲ್ಲದೆ ಆ ಮೋಲ್ಡು ಒಂದು ಡಿಗ್ರಿ ಏರುವುದಿಲ್ಲ. ಹೀರಿಕೊಂಡದ್ದನ್ನೆಲ್ಲ ಹಿಂದಕ್ಕೆ ಕೊಟ್ಟಲ್ಲದೆ ಇಳಿಯುವುದೂ ಇಲ್ಲ. ಹಗಲೆಲ್ಲ ಬಿಸಿಲನ್ನು ಕುಡಿದ ತಾರಸಿಯ ಶಾಖ ಕಾಂಕ್ರೀಟಿನ ದಪ್ಪವನ್ನು ನಿಧಾನವಾಗಿ ಹಾಯ್ದು ಒಳಮೈಯನ್ನು ಸೇರಲು ಮೂರು ನಾಲ್ಕು ಗಂಟೆಗಳು ಹಿಡಿಯುವುದರಿಂದ, ಹೊರಗೆ ಸೂರ್ಯನ ಪ್ರತಾಪ ಇಳಿದು ಬೀದಿಯಲ್ಲಿ ಜನ ಹಾಯೆಂದು ನಿಂತು ಮಾತನಾಡುವ ಹೊತ್ತಿಗೆ ಸರಿಯಾಗಿ ಮೇಲಿನ ಅಂತಸ್ತಿನವರ ತಲೆಯ ಮೇಲೆ ಮಧ್ಯಾಹ್ನ ಪ್ರಾರಂಭವಾಗುತ್ತದೆ. ರಾತ್ರಿ ಒಂಬತ್ತಕ್ಕೆ ಒಳಗೆ ಬೆವರುತ್ತಿರುವವನು ಹೊರಗಿನ ಹವೆಯನ್ನು ಬೈಯುವುದು ಅನ್ಯಾಯ; ಹೊರಗಿನ ಹವೆ ಆಗಲೇ ಅವನ ಪಕ್ಷಕ್ಕೆ ಬಂದಿರುತ್ತದೆ.

ಈ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನನ್ನು ಐದಕ್ಕೆ ತಿರುಗಿಸುವುದು. ಸೀಲಿಂಗ್ ಫ್ಯಾನು ಕೋಣೆಯನ್ನು ತಂಪುಮಾಡತಕ್ಕ ಯಂತ್ರವಲ್ಲ; ಚರ್ಮದ ಮೇಲಿನ ಬೆವರನ್ನು ಆರಿಸಿ ದೇಹಕ್ಕೆ ತಂಪಿನ ಅನುಭವವನ್ನು ಕೊಡತಕ್ಕ ಯಂತ್ರ. ಕಾದ ಮೋಲ್ಡಿನ ಕೆಳಗೆ ಮುಚ್ಚಿದ ಕೋಣೆಯಲ್ಲಿ ಅದು ತಿರುಗಿದಾಗ, ಮೇಲೆ ತೇಲುತ್ತಿದ್ದ ಬಿಸಿಗಾಳಿಯನ್ನೇ ಕೆಳಕ್ಕೆ ಇಳಿಸಿ ಮಲಗಿದವನ ಮೇಲೆ ಸುರಿಯುತ್ತದೆ. ಒಳಗಿನ ಶಾಖ ಒಳಗೇ ಸುತ್ತುತ್ತದೆ. ಹೊರಕ್ಕೆ ಒಂದು ಎಳೆಯೂ ಹೋಗುವುದಿಲ್ಲ. ಫ್ಯಾನು ನಿರರ್ಥಕವೆಂದು ಇದರ ಅರ್ಥವಲ್ಲ. ಅದು ಒಂದು ಕೆಲಸವನ್ನು ಮಾಡುತ್ತಿದೆ, ನಾವು ಅದರಿಂದ ಇನ್ನೊಂದನ್ನು ನಿರೀಕ್ಷಿಸುತ್ತಿದ್ದೇವೆ, ಅಷ್ಟೆ.

ಕಿಟಕಿಯ ಫ್ಯಾನಿನ ಧರ್ಮವೇ ಬೇರೆ. ಹನ್ನೆರಡಿಂಚಿನ ಸಾಧಾರಣವಾದ ಎಕ್ಸಾಸ್ಟ್ ಫ್ಯಾನೊಂದು ಗಂಟೆಗೆ ಸುಮಾರು ಸಾವಿರ ಘನಮೀಟರ್ ಗಾಳಿಯನ್ನು ಹೊರಕ್ಕೆ ನೂಕಬಲ್ಲುದು. ನಾವು ಹೇಳಿದ ಕೋಣೆಯ ಗಾತ್ರ ಮೂವತ್ತನಾಲ್ಕು ಘನಮೀಟರ್ ಆದುದರಿಂದ, ಎರಡು ನಿಮಿಷಕ್ಕೊಮ್ಮೆ ಕೋಣೆಯ ಗಾಳಿಯೆಲ್ಲ ಹೊಸದಾಗುತ್ತದೆಂದಾಯಿತು. ಒಳಗಿನದಕ್ಕಿಂತ ಹೊರಗಿನ ಗಾಳಿ ಐದು ಡಿಗ್ರಿ ತಂಪಾಗಿದ್ದರೆ, ಈ ಪ್ರವಾಹ ಮನೆಯಿಂದ ಹೊತ್ತೊಯ್ಯುವ ಶಾಖ ಸುಮಾರು ಒಂದೂವರೆ ಕಿಲೋವ್ಯಾಟಿನಷ್ಟಾಗುತ್ತದೆ. ಒಂದು ಟನ್ನಿನ ಎ.ಸಿ. ತನ್ನ ಪೂರ್ಣ ಬಲದಿಂದ ಹೊರಹಾಕುವುದು ಮೂರೂವರೆ ಕಿಲೋವ್ಯಾಟ್. ಅರ್ಥಾತ್, ಅರ್ಧಕ್ಕೆ ತುಸು ಕಡಿಮೆಯಾದ ಕೆಲಸವನ್ನು ಈ ಚಿಕ್ಕ ಯಂತ್ರ ಮಾಡುತ್ತದೆ. ಅದಕ್ಕೆ ಬೇಕಾಗುವ ವಿದ್ಯುತ್ತಾದರೋ ಎ.ಸಿ.ಗೆ ಬೇಕಾದುದರ ಇಪ್ಪತ್ತರಲ್ಲೊಂದು ಪಾಲಿನಷ್ಟು ಮಾತ್ರ. ಜಾಲರಿ ಕಂಬಿಗಳ ಅಡ್ಡಿಯಿಂದ ಈ ಲೆಕ್ಕದಲ್ಲಿ ಕಾಲುಭಾಗವೋ ಮೂರರಲ್ಲೊಂದು ಭಾಗವೋ ಕಳೆಯಬೇಕಾಗಬಹುದು. ಕಳೆದರೂ ಉಳಿಯುವುದು ಅಲ್ಪವಲ್ಲ. ಆದರೆ ಮೂರು ಟನ್ನು ಕಾಂಕ್ರೀಟನ್ನು ತಣಿಸುವುದು ಅರ್ಧಗಂಟೆಯ ಕೆಲಸವೆಂದು ಯಾರೂ ಭ್ರಮಿಸಬಾರದು. ಗಾಳಿ ಬೇಗ ತಣಿಯುತ್ತದೆ, ಮೋಲ್ಡು ತಡವಾಗಿ ತಣಿಯುತ್ತದೆ. ಇಡೀ ರಾತ್ರಿ ಈ ಪ್ರವಾಹ ನಡೆದರೆ ಮಾತ್ರ ಬೆಳಗಿನ ಹೊತ್ತಿಗೆ ಗೋಡೆಗಳು ತಂಪನ್ನು ಶೇಖರಿಸಿಕೊಂಡು ಮರುದಿನದ ಮಧ್ಯಾಹ್ನದವರೆಗೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಹಂಚುತ್ತವೆ. ಸಂಜೆ ಶತ್ರುವಾಗಿ ಕಂಡ ಕಾಂಕ್ರೀಟಿನ ಭಾರವೇ ಬೆಳಗಾಗುವುದರೊಳಗೆ ಮಿತ್ರನಾಗುವುದು ಈ ಉಪಾಯದ ಸಾರ.

ಈ ಉಪಾಯ ಎಲ್ಲ ಊರುಗಳಿಗೂ ಒಂದೇ ಸಮನಾಗಿ ಒದಗುವುದಿಲ್ಲ. ಅದರ ಮೂಲಧನ ಹಗಲಿಗೂ ರಾತ್ರಿಗೂ ಇರುವ ಅಂತರ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 34 ಡಿಗ್ರಿಯಾದರೆ ಕನಿಷ್ಠ ಸುಮಾರು 22; ಹನ್ನೆರಡು ಡಿಗ್ರಿಗಳ ಈ ಇಳಿಜಾರು ಪ್ರಸ್ಥಭೂಮಿಯ ಎತ್ತರ ನಮಗೆ ಕೊಟ್ಟ ಆಸ್ತಿ. ಮಂಗಳೂರಿನಲ್ಲಾಗಲಿ ಚೆನ್ನೈಯಲ್ಲಾಗಲಿ ಸಮುದ್ರದ ಸಾಮೀಪ್ಯದಿಂದ ರಾತ್ರಿಯೂ ಬೆಚ್ಚಗಿದ್ದು, ಗಾಳಿ ತೇವದಿಂದ ಭಾರವಾಗಿರುವುದರಿಂದ, ಕಿಟಕಿಯ ಫ್ಯಾನು ಎಷ್ಟು ದುಡಿದರೂ ಸಂಪಾದನೆ ಕಡಿಮೆ. ಕಲಬುರಗಿಯ ಮೇ ತಿಂಗಳಲ್ಲಿ ಅಂತರವೇನೋ ಉಂಟು. ಆದರೆ ಅಲ್ಲಿನ ನಡುರಾತ್ರಿ ಬೆಂಗಳೂರಿನ ಬೆಳಗಿನ ಒಂಬತ್ತರಂತಿರುತ್ತದೆ. ಕಟ್ಟಡಗಳ ಶಕ್ತಿನಿಯಮಗಳು ದೇಶವನ್ನು ಐದು ಹವಾವಲಯಗಳಾಗಿ ವಿಭಾಗಿಸಿ, ಬೆಂಗಳೂರನ್ನು ಸಮಶೀತೋಷ್ಣ ವಲಯಕ್ಕೆ ಸೇರಿಸಿರುವುದು ಅಕಾರಣವಾಗಿಯಲ್ಲ. ಎ.ಸಿ.ಯ ಅವಶ್ಯಕತೆಯನ್ನು ಚೆನ್ನೈಯಿಂದ ಎರವಲು ತರುವ ಮೊದಲು, ನಮ್ಮ ರಾತ್ರಿಯ ಬೆಲೆಯನ್ನು ನಾವು ಎಣಿಸಬೇಕು.

ರಾತ್ರಿ ಅಷ್ಟು ತಂಪಾಗಿದ್ದರೆ ಕಿಟಕಿಯನ್ನು ತೆರೆದರೆ ಸಾಲದೆ, ಫ್ಯಾನೇಕೆ ಎಂದು ಕೇಳಬಹುದು. ಜೂನ್ ಮಾಸದಲ್ಲಿ ಪಡುವಣ ಗಾಳಿ ಬೀಸತೊಡಗಿದ ಮೇಲೆ ಆ ಪ್ರಶ್ನೆ ನ್ಯಾಯವೇ. ಆಗ ಕಿಟಕಿಯ ಬಾಗಿಲು ಬಡಿಯದಂತೆ ಕೊಕ್ಕೆ ಹಾಕುವುದೇ ಕೆಲಸವಾಗುತ್ತದೆ. ಆದರೆ ಅತಿಯಾದ ಸೆಕೆಯ ಮಾರ್ಚಿ ಏಪ್ರಿಲುಗಳೇ ಗಾಳಿಯ ಚಲನೆ ಮಂದವಾದ ತಿಂಗಳುಗಳು. ಅದರ ಮೇಲೆ ನಮ್ಮ ಮನೆಗಳ ರಚನೆ. ಹಳೆಯ ತೊಟ್ಟಿಮನೆಯಲ್ಲಿ ನಡುವಿನ ಅಂಗಳದಿಂದ ಬಿಸಿಗಾಳಿ ತಾನಾಗಿ ಮೇಲೇರಿ ಹೋಗುತ್ತಿತ್ತು. ಮಂಗಳೂರು ಹೆಂಚಿನ ಮಾಡಿನ ಸಂದುಗಳಲ್ಲಿ ಮನೆ ಇರುಳೆಲ್ಲ ಉಸಿರಾಡುತ್ತಿತ್ತು. ಮದ್ರಾಸ್ ತಾರಸಿಯ ಮನೆಗಳಲ್ಲಿ ಸೂರಿನ ಹತ್ತಿರ ವೆಂಟಿಲೇಟರುಗಳಿದ್ದುವು. ಇವು ಯಾವುವೂ ಸಾಲದ ರಾತ್ರಿಗಳಲ್ಲಿ ಜನ ಚಾಪೆಯನ್ನು ಜಗಲಿಗೋ ತಾರಸಿಗೋ ಎಳೆದುಕೊಂಡು ಹೋಗಿ, ಗಾಳಿಯನ್ನು ದೇಹದ ಬಳಿಗೆ ತರುವ ಬದಲು ದೇಹವನ್ನೇ ಗಾಳಿಯ ಬಳಿಗೆ ಒಯ್ಯುತ್ತಿದ್ದರು. ಜಗಲಿ ಹೋಯಿತು, ತೊಟ್ಟಿ ಮುಚ್ಚಿತು, ಬಾಡಿಗೆ ಮನೆಯಲ್ಲಿ ತಾರಸಿಯ ಬೀಗದಕೈ ಮಾಲೀಕನ ಹತ್ತಿರ ಉಳಿಯಿತು. ತಾನಾಗಿ ನಡೆಯುತ್ತಿದ್ದ ಪ್ರವಾಹ ನಿಂತುಹೋದ ಕಾರಣ, ಅದನ್ನು ನಡೆಯಿಸಲು ಐವತ್ತು ವ್ಯಾಟಿನ ಒಂದು ಮೋಟಾರು ಬೇಕಾಗಿ ಬಂದಿದೆ.

ಪ್ರಯೋಗದ ವಿವರಗಳನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಮನೆಯಲ್ಲಿ ಹೆಚ್ಚು ಕಾಯುವ ಕೋಣೆಯ ಕಿಟಕಿಯಲ್ಲಿ ಫ್ಯಾನು ಹೊರಮುಖವಾಗಿರಬೇಕು. ಮಲಗುವ ಕೋಣೆಯ ಕಿಟಕಿ, ಆದಷ್ಟು ಮಟ್ಟಿಗೆ ಬಿಸಿಲು ಬೀಳದ ಪಾರ್ಶ್ವದ್ದು, ತೆರೆದಿರಬೇಕು. ನಡುವಿನ ಬಾಗಿಲುಗಳು ಮುಚ್ಚಿರಬಾರದು. ಫ್ಯಾನಿನ ಸುತ್ತಣ ಸಂದನ್ನು ರಟ್ಟಿನಿಂದಲೋ ಪ್ಲೈವುಡ್ಡಿನಿಂದಲೋ ಮುಚ್ಚದೆ ಬಿಟ್ಟರೆ, ಹೊರಕ್ಕೆ ಹೋದ ಗಾಳಿಯೇ ಪಕ್ಕದ ಸಂದಿನಿಂದ ಹಿಂದಿರುಗಿ ಸುತ್ತುಹಾಕುತ್ತದೆ. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆ, ಬೇಸಗೆಯಲ್ಲಿ ಸಂಜೆ ಏಳೆಂಟರ ಸುಮಾರಿಗೆ, ಪ್ರಾರಂಭಿಸಿ, ಬೆಳಗ್ಗೆ ಬಿಸಿಲೇರುವ ಮೊದಲು ನಿಲ್ಲಿಸಿ, ಆಮೇಲೆ ಕಿಟಕಿ ಪರದೆಗಳನ್ನು ಮುಚ್ಚಿಬಿಡಬೇಕು. ಹಗಲು ಕಿಟಕಿ ತೆರೆದು ರಾತ್ರಿ ಮುಚ್ಚುವ ನಮ್ಮ ಅಭ್ಯಾಸ ಬೇಸಗೆಯ ಮಟ್ಟಿಗೆ ತಲೆಕೆಳಗಾದದ್ದು. ಇನ್ನೊಂದು ಎಚ್ಚರಿಕೆ: ಎಲ್ಲ ಕಿಟಕಿಗಳನ್ನೂ ಮುಚ್ಚಿ ಎಕ್ಸಾಸ್ಟ್ ಫ್ಯಾನನ್ನು ತಿರುಗಿಸಿದರೆ ಅದು ಬಚ್ಚಲ ಮೋರಿಯ ವಾಸನೆಯನ್ನು ಒಳಗೆಳೆಯುತ್ತದೆ, ಗ್ಯಾಸ್ ಗೀಸರು ಉರಿಯುವ ಮನೆಯಲ್ಲಿ ಅದರ ವಿಷದ ಹೊಗೆಯನ್ನೇ ಒಳಗೆಳೆಯುವ ಅಪಾಯವೂ ಉಂಟು. ಆದುದರಿಂದ ಗೀಸರು ಉರಿಯುವಾಗ ಫ್ಯಾನು ತಿರುಗಕೂಡದು.

ದೀಪ ಹಚ್ಚುವ ಹೊತ್ತಿಗೆ ಹಿತ್ತಿಲ ಬಾಗಿಲನ್ನು ಮುಚ್ಚಿ ಮುಂಬಾಗಿಲನ್ನು ತೆರೆದಿಡಬೇಕೆಂಬುದು ನಮ್ಮ ಮನೆಗಳ ಹಳೆಯ ವಾಡಿಕೆ. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗಬಾರದೆಂಬುದು ಅದರ ಅಭಿಪ್ರಾಯ. ಲಕ್ಷ್ಮಿಯ ವಿಷಯದಲ್ಲಿ ಈ ಜಾಗರೂಕತೆ ಸಲ್ಲಬಹುದು, ವಾಯುವಿನ ವಿಷಯದಲ್ಲಿ ಸಲ್ಲದು. ಹೊರಡಲು ದಾರಿಯಿಲ್ಲದ ಮನೆಗೆ ವಾಯು ಬರುವುದೇ ಇಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಸೊಳ್ಳೆಯ ಆಕ್ಷೇಪ ಮೊದಲನೆಯದು; 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಗಿ ಬಂದ ರಾಜ್ಯದಲ್ಲಿ ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಡೆಂಗಿಯ ಸೊಳ್ಳೆ ಕಚ್ಚುವುದು ಮುಖ್ಯವಾಗಿ ಹಗಲಿನಲ್ಲಿ, ಅದರಲ್ಲಿಯೂ ಬೆಳಗ್ಗೆ ಮತ್ತು ಮುಸ್ಸಂಜೆಯಲ್ಲಿ. ರಾತ್ರಿಯ ಸೊಳ್ಳೆಗಳು ಬೇರೆ. ಎರಡಕ್ಕೂ ಪರಿಹಾರ ಕಿಟಕಿಯ ಜಾಲರಿಯೇ ಹೊರತು ಮುಚ್ಚಿದ ಕಿಟಕಿಯಲ್ಲ. ಜಾಲರಿಯಿಂದ ಗಾಳಿ ಕುಗ್ಗುವುದರಿಂದಲೇ ಫ್ಯಾನಿನ ಅವಶ್ಯಕತೆ ಇನ್ನಷ್ಟು ಹೆಚ್ಚುತ್ತದೆ. ಮಾಗಡಿ ರಸ್ತೆಯ ಧೂಳು, ಬೀದಿಯ ಗದ್ದಲ, ಕಳ್ಳರ ಭಯ ಇವು ನಿಜವಾದ ಅಡ್ಡಿಗಳು. ಕಂಬಿ ಭಯವನ್ನು ತಡೆಯುತ್ತದೆ. ಧೂಳು ರಾತ್ರಿ ವಾಹನಗಳು ಕಡಿಮೆಯಾದಂತೆ ತಗ್ಗುತ್ತದೆ. ಆದರೆ ರಸ್ತೆಯಂಚಿನ ಮನೆಗೆ ಇದು ಅಡ್ಡರಸ್ತೆಯ ಮನೆಗೆ ಸಲ್ಲುವಷ್ಟು ಸಲ್ಲದೆಂಬುದನ್ನು ಒಪ್ಪಬೇಕು. ಶೀಟಿನ ಮನೆಗೂ ಇದರ ಪೂರ್ಣ ಫಲವಿಲ್ಲ: ತೆಳುವಾದ ಶೀಟು ರಾತ್ರಿ ಬೇಗ ತಣಿದರೂ ತಂಪನ್ನು ಹಿಡಿದಿಟ್ಟುಕೊಳ್ಳಲಾರದೆ ಬೆಳಗ್ಗೆ ಹತ್ತಕ್ಕೇ ಕಾದುನಿಲ್ಲುತ್ತದೆ, ಅದಕ್ಕೆ ಮೊದಲ ಚಿಕಿತ್ಸೆ ಮೇಲೆ ಬಿಳಿಯ ಬಣ್ಣ ಅಥವಾ ಸುಣ್ಣ, ಫ್ಯಾನು ಆಮೇಲೆ. ವಯೋವೃದ್ಧರೂ ಹೃದ್ರೋಗಿಗಳೂ ಹಸುಗೂಸುಗಳೂ ಇರುವ ಮನೆಯಲ್ಲಿ, ಅಸಾಧಾರಣವಾದ ಉಷ್ಣದ ದಿನಗಳಲ್ಲಿ ಎ.ಸಿ. ಭೋಗವಸ್ತುವಲ್ಲ, ಔಷಧ, ಉಷ್ಣತೆ 40 ಡಿಗ್ರಿಯನ್ನು ಮೀರಿದಾಗ ಫ್ಯಾನಿನ ಗಾಳಿ ದೇಹವನ್ನು ಕಾಯಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಸಿದ್ಧಾಂತದ ಹೆಮ್ಮೆಗಾಗಿ ರೋಗಿಯನ್ನು ಬೇಯಿಸುವುದು ಧರ್ಮವಲ್ಲ.

ಎ.ಸಿ.ಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅದರ ಸ್ವಭಾವವನ್ನು ಗುರುತಿಸುವುದು ಮಾತ್ರ. ಅಮೆರಿಕದ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಅದರ ಆಧುನಿಕ ರೂಪವನ್ನು ಯೋಜಿಸಿದ್ದು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಹೊಂದಾಣಿಕೆ ತಪ್ಪುತ್ತಿದ್ದುದನ್ನು ನಿವಾರಿಸಲು. ಮುಚ್ಚಿದ ಕೋಣೆಯಲ್ಲಿ ಸದಾ ಒಂದೇ ಸ್ಥಿತಿಯಿರಬೇಕೆಂಬುದು ಕಾಗದದ ಬೇಡಿಕೆ. ಮನುಷ್ಯದೇಹ ಅಷ್ಟು ಹಟಮಾರಿಯಲ್ಲ. ಕಿಟಕಿ ತೆರೆಯುವ ಮನೆಗಳಲ್ಲಿ ವಾಸಿಸುವವರು ಋತುವಿಗನುಗುಣವಾಗಿ ಹೆಚ್ಚಿನ ಉಷ್ಣತೆಯಲ್ಲಿಯೂ ನೆಮ್ಮದಿಯಾಗಿರುತ್ತಾರೆಂಬುದನ್ನು ಕಟ್ಟಡಶಾಸ್ತ್ರಜ್ಞರು ಈಗ ಒಪ್ಪಿಕೊಂಡಿದ್ದಾರೆ. ಎ.ಸಿ. ಶಾಖವನ್ನು ನಾಶಮಾಡುವುದಿಲ್ಲ, ಸ್ಥಳಾಂತರಿಸುತ್ತದೆ. ಒಳಗಿನಿಂದ ಮೂರೂವರೆ ಕಿಲೋವ್ಯಾಟ್ ತೆಗೆದು, ತಾನು ನುಂಗಿದ ಸುಮಾರು ಒಂದು ಕಿಲೋವ್ಯಾಟನ್ನೂ ಸೇರಿಸಿ, ನಾಲ್ಕೂವರೆಯನ್ನು ಬೀದಿಗೆ ಎಸೆಯುತ್ತದೆ. ಬ್ಯಾಡರಹಳ್ಳಿಯ ಅಡ್ಡರಸ್ತೆಯಲ್ಲಿ ಆ ಬೀದಿಯೆಂದರೆ ಎದುರುಮನೆಯ ಕಿಟಕಿ. ಫ್ಯಾನೂ ಒಳಗಿನ ಶಾಖವನ್ನು ಹೊರಕ್ಕೇ ನೂಕುತ್ತದೆಂಬುದು ನಿಜ; ಆದರೆ ಆ ಶಾಖ ಇಂದಲ್ಲ ನಾಳೆ ಗೋಡೆಯ ಮೂಲಕ ಹೊರಕ್ಕೆ ಹೋಗತಕ್ಕದ್ದೇ, ಫ್ಯಾನು ಅದಕ್ಕೆ ಕೂಡಿಸುವುದು ತನ್ನ ಐವತ್ತು ವ್ಯಾಟನ್ನು ಮಾತ್ರ. ಇನ್ನು ವೆಚ್ಚದ ಮಾತು. ರಾತ್ರಿಯೆಲ್ಲ ನಡೆದ ಫ್ಯಾನು ಅರ್ಧ ಯೂನಿಟ್ ಉಪಯೋಗಿಸಿದರೆ, ಒಂದು ಟನ್ನಿನ ಎ.ಸಿ. ಐದಾರು ಯೂನಿಟ್ ಉಪಯೋಗಿಸುತ್ತದೆ. 2023ರಲ್ಲಿ ಜಾರಿಗೆ ಬಂದ, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟುಗಳ ಎಲ್ಲೆಯನ್ನು ದಾಟಿದ ಮನೆ ಪೂರ್ಣ ಬಿಲ್ಲನ್ನು ಕಟ್ಟಬೇಕಾದುದರಿಂದ, ಸಾಧಾರಣ ಸಂಸಾರವೊಂದಕ್ಕೆ ಎ.ಸಿ. ತರುವ ಹೊರೆ ಅದರ ಸ್ವಂತ ವಿದ್ಯುತ್ತಿನ ಬೆಲೆಗಿಂತ ಹೆಚ್ಚಿನದಾಗಬಹುದು.

ಇಷ್ಟಾದರೂ, ಮೊದಲು ಹೇಳಿದ ಕಠಿಣವಾದ ಮಾತು ಉಳಿದೇ ಇದೆ. ಎರಡನೆಯ ಕಿಟಕಿಯಿಲ್ಲದ ಮನೆಯಲ್ಲಿ ಫ್ಯಾನು ಏನನ್ನು ಎಳೆದೀತು? ಬ್ಯಾಡರಹಳ್ಳಿಯ ಎಷ್ಟೋ ಮನೆಗಳಿಗೆ ಆ ಕಿಟಕಿಯಿಲ್ಲದಿರುವುದಕ್ಕೆ ಕಾರಣ ಸೆಕೆಯಲ್ಲ, ಬಡತನವೂ ಅಲ್ಲ. ಗೋಡೆಯಾಚೆ ಗಾಳಿ ಇಲ್ಲದಿರುವುದು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟನ್ನು ಬಯಲುಮಾಡಿದಾಗ, ಅಂದಿನ ಆಡಳಿತ ಮಲ್ಲೇಶ್ವರ ಬಸವನಗುಡಿಗಳನ್ನು ನಿರ್ಮಿಸಿ, ಅಗಲವಾದ ಬೀದಿಗಳನ್ನೂ ಮನೆಯ ಸುತ್ತಣ ತೆರಪನ್ನೂ ಹಿಂಬದಿಯ ಓಣಿಗಳನ್ನೂ ಯೋಜನೆಯ ಅಂಗಗಳನ್ನಾಗಿಯೇ ಮಾಡಿತು. ಆರೋಗ್ಯಕ್ಕೆಂದು ಬಿಟ್ಟ ಆ ತೆರಪು ತಂಪಿಗೂ ಒದಗಿತು. ಮುಂದೆ ಒಂದು ಕಿಟಕಿ, ಹಿಂದೆ ಒಂದು ಕಿಟಕಿ ಎಂಬುದು ಅಲ್ಲಿ ಮಾಲೀಕನ ಔದಾರ್ಯವಾಗಿರದೆ ಬಡಾವಣೆಯ ಸ್ವರೂಪವಾಗಿತ್ತು. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ರೂಪಿಸಿದ ಬಡಾವಣೆಗಳಲ್ಲಿಯೂ ಈ ನೀತಿಯ ಛಾಯೆ ಉಳಿದಿತ್ತು. ನಗರ ಮಾಗಡಿ ರಸ್ತೆಯುದ್ದಕ್ಕೂ ಹೊಲಗಳನ್ನು ತುಂಡುಮಾಡುತ್ತ ಬೆಳೆದಾಗ ಸೈಟುಗಳು ಬಂದುವು, ತೆರಪು ಬರಲಿಲ್ಲ.

ನಿಯಮಗಳ ಕೊರತೆ ಇದಕ್ಕೆ ಕಾರಣವಲ್ಲ. 2018ರ ಇಕೋ ನಿವಾಸ್ ಸಂಹಿತೆ ಸಮಶೀತೋಷ್ಣ ವಲಯದ ವಾಸಗೃಹಗಳಲ್ಲಿ ತೆರೆಯಬಲ್ಲ ಕಿಟಕಿಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಶೇಕಡ 12.5ಕ್ಕಿಂತ ಕಡಿಮೆಯಿರಬಾರದೆಂದು ವಿಧಿಸುತ್ತದೆ. ಈ ಅಳತೆಯನ್ನು ಕೋಣೆಗೆ ಹಿಡಿದು ನೋಡಿದರೆ, ನೂರಿಪ್ಪತ್ತು ಚದರಡಿಗೆ ಹದಿನೈದು ಚದರಡಿ ತೆರಪು ಬೇಕು. ನಾಲ್ಕಡಿ ಚೌಕದ ಕಿಟಕಿಯಲ್ಲಿ ಹದಿನಾರು ಸಿಗಬೇಕಾಗಿತ್ತು, ಆದರೆ ಇಂದು ರೂಢಿಯಾಗಿರುವ ಜಾರುಕಿಟಕಿಯಲ್ಲಿ ಒಂದು ಬಾಗಿಲು ಇನ್ನೊಂದರ ಹಿಂದೆ ಸರಿದು ನಿಲ್ಲುವುದರಿಂದ ದೊರೆಯುವುದು ಎಂಟೇ. ಮೇಲಾಗಿ ಈ ಸಂಹಿತೆ 500 ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನಗಳಿಗೆಂದು ಏರ್ಪಟ್ಟದ್ದು. ಅದರ ಆಶ್ರಯ ಯಾರಿಗೆ ಹೆಚ್ಚು ಬೇಕೋ ಆ ಚಿಕ್ಕ ಸೈಟಿನವರು ಅದರ ಹೊರಗುಳಿದರು. ನಗರದ ಕಟ್ಟಡ ನಿಯಮಗಳಲ್ಲಿ ಸುತ್ತ ಜಾಗ ಬಿಡಬೇಕೆಂಬ ವಿಧಿ ಉಂಟು. ಅದನ್ನು ಉಲ್ಲಂಘಿಸಿದ ಮನೆಗಳನ್ನು, ವಾಸದ ಕಟ್ಟಡಗಳಲ್ಲಿ ಅರ್ಧದಷ್ಟು ಉಲ್ಲಂಘನೆಯವರೆಗೆ, ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಯೂ ಉಂಟು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಆ ಯೋಜನೆಯ ನ್ಯಾಯಾನ್ಯಾಯಗಳು ಏನೇ ಇರಲಿ, ಒಂದು ಮಾತು ಸ್ಪಷ್ಟ: ದಂಡದಿಂದ ಕಾಗದಪತ್ರ ಸರಿಹೋಗಬಹುದು, ಮುಚ್ಚಿಹೋದ ಮೂರಡಿ ಓಣಿಯಲ್ಲಿ ಗಾಳಿ ಮತ್ತೆ ಹುಟ್ಟದು.

ತಂಪು ಈ ಅರ್ಥದಲ್ಲಿ ಸಾರ್ವಜನಿಕವಾದ ಸ್ವತ್ತು. ಕಾಂಕ್ರೀಟು ಹೆಚ್ಚಿ, ಕೆರೆ ಮರಗಳು ಕುಗ್ಗಿ, ಎ.ಸಿ.ಗಳ ನಿಃಶ್ವಾಸ ಬೀದಿಗಳನ್ನು ತುಂಬಿದಂತೆಲ್ಲ ರಾತ್ರಿಯ ಉಷ್ಣತೆ ಏರುತ್ತದೆ. ರಾತ್ರಿಯ ಉಷ್ಣತೆ ಏರಿದಂತೆಲ್ಲ ಕಿಟಕಿಯ ಫ್ಯಾನು ಸೋಲುತ್ತದೆ. ಫ್ಯಾನು ಸೋತ ಮನೆ ಎ.ಸಿ.ಯನ್ನು ಕೊಳ್ಳುತ್ತದೆ. ಈ ಚಕ್ರವನ್ನು ಕಡಿಯಲು ಉಪದೇಶ ಸಾಲದು. ಚಿಕ್ಕ ಸೈಟುಗಳಿಗೂ ತೆರೆಯುವ ಕಿಟಕಿಯ ಅಳತೆಯನ್ನು ಕಡ್ಡಾಯಮಾಡುವುದು, ಪ್ಲಾನು ಒಪ್ಪುವಾಗ ಪ್ರತಿ ಮನೆಗೂ ಎರಡು ದಿಕ್ಕಿನ ತೆರಪನ್ನು ಕೇಳುವುದು, ಹೆರೋಹಳ್ಳಿಯಂಥ ಕೆರೆಗಳ ಅಂಗಳವನ್ನು ಉಳಿಸುವುದು, ಇವು ವಿದ್ಯುತ್ ಜಾಲದ ಹೊರೆಯನ್ನು ಇಳಿಸುವ ಕ್ರಮಗಳೂ ಹೌದು. ಮನೆ ಕಟ್ಟುವವನು ಪಕ್ಕದಲ್ಲಿ ಮೂರಡಿ ಬಿಟ್ಟರೆ ಅವನಿಗೆ ನಷ್ಟವಾಗುವುದು ಕೋಣೆಗೊಂದು ಬೀರುವಿನ ಜಾಗ. ಲಾಭವಾಗುವುದು ಅವನಿಗೂ ನೆರೆಯವನಿಗೂ ಇಬ್ಬರ ಬಾಡಿಗೆದಾರರಿಗೂ ಮನೆ ನಿಂತಿರುವಷ್ಟು ಕಾಲದ ಬೇಸಗೆಯ ರಾತ್ರಿಗಳು. ಈ ಲೆಕ್ಕವನ್ನು ಅವನು ತಾನಾಗಿ ಮಾಡದಿದ್ದರೆ ನಿಯಮ ಮಾಡಿಸಬೇಕು. ನಿಯಮವಿದ್ದೂ ನಾವು ಮಾಡಿಸದೆ ಹೋದರೆ, ಸೆಕೆ ತಾಳಲಾರದೆ ಸಾಲಮಾಡಿ ಎ.ಸಿ. ಕೊಂಡ ಮೂರನೆಯ ಅಂತಸ್ತಿನ ಬಾಡಿಗೆದಾರನನ್ನು ಆಕ್ಷೇಪಿಸುವ ಅಧಿಕಾರ ನಮ್ಮಲ್ಲಿ ಯಾರಿಗೂ ಉಳಿಯುವುದಿಲ್ಲ.